ದನದ ಡಾಕ್ಟರರ ಸಮುದ್ರ

ಆಳಂದದಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಬೇವಿನ ಮರದ ಎದುರಿನ ಒಂದು ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬಿಸಿಲು ತಾಗದ ಮೂಲೆಯಲ್ಲಿ, ಕಬ್ಬಿಣದ ಮೇಜಿನ ಮೇಲೆ ಅದು ಇತ್ತು. ಉದ್ದದಲ್ಲಿ ಎಮ್ಮೆಗೆ ಮೇವು ಹಾಕುವ ಗೋದಲಿಯಷ್ಟು, ಎತ್ತರದಲ್ಲಿ ನನ್ನ ಮೊಳಕಾಲಿನಷ್ಟು. ನಾಲ್ಕೂ ಕಡೆ ಗಾಜು, ಒಳಗೆ ಉಪ್ಪುನೀರು, ತಳದಲ್ಲಿ ಮರಳು ಮತ್ತು ಶಹಾಬಾದ್ ಕಲ್ಲಿನ ಚೂರುಗಳು. ಆ ಸಮುದ್ರದ ಒಡೆಯರು ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಸುದ್ದಿ ನಾನಿರುವ ಜೇವರ್ಗಿಗೆ ಬಂದಾಗ ನನಗೆ ಮೊದಲು ಬಂದದ್ದು ನಗು. ಅವರನ್ನು ನೆನೆದಾಗಲೆಲ್ಲ ಹಾಗೆ ಆಗುವ ರೂಢಿಯಾಗಿತ್ತು. ಅಳು ಆಮೇಲೆ, ಬಸ್ಸಿನಲ್ಲಿ ಕೂತ ಮೇಲೆ ಬಂತು.

ಊರವರು ಅವರನ್ನು ದನದ ಡಾಕ್ಟರು ಎನ್ನುತ್ತಿದ್ದರು. ಹೆಸರು ನಾನು ಬರೆಯುವುದಿಲ್ಲ. ಬರೆದರೂ ಆಳಂದದಲ್ಲಿ ಯಾರಿಗೂ ಗುರುತು ಸಿಗಲಿಕ್ಕಿಲ್ಲ, ದನದ ಡಾಕ್ಟರು ಎಂದರೆ ಎಲ್ಲರಿಗೂ ಸಿಗುತ್ತದೆ. ಸರಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ. ಅರ್ಧ ತೋಳಿನ ಅಂಗಿ, ಮಡಚಿದ ಪ್ಯಾಂಟು, ಹತ್ತಿರ ಬಂದರೆ ಫಿನೈಲಿನ ವಾಸನೆ. ಅವರ ಮೋಟರ್‌ಸೈಕಲ್ಲಿನ ಸದ್ದು ಕೇಳಿದರೆ ಓಣಿಯ ಎಮ್ಮೆಗಳು ತಾವಾಗಿ ಹಿಂದೆ ಸರಿಯುತ್ತಿದ್ದವು, ಸೂಜಿ ಬಂತೆಂದು.

ಎಂಬತ್ತರ ದಶಕದ ಮೊದಲ ವರ್ಷಗಳವು. ಹೆಣ್ಣುಮಕ್ಕಳ ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ನಾನು ಆಳಂದಕ್ಕೆ ಬಂದೆ. ಅವರ ಮನೆಯ ಮುಂದಿನ ಎರಡು ಕೋಣೆಗಳು ಬಾಡಿಗೆಗಿವೆ ಎಂದು ಯಾರೋ ಹೇಳಿದರು. ಕೋಣೆ ನೋಡಲು ಹೋದವಳನ್ನು ಡಾಕ್ಟರು ಸೀದಾ ಪಡಸಾಲೆಗೆ ಕರೆದುಕೊಂಡು ಹೋದರು.

"ಬರ್ರಿ ಟೀಚರ್ರ. ಮೊದಲ ಗೌಡನ್ನ ನೋಡ್ರಿ, ಖೋಲಿ ಆಮ್ಯಾಲ ನೋಡೀರಂತ."

ಮನೆಯಲ್ಲಿ ಯಾರೋ ಹಿರಿಯರಿದ್ದಾರೆ ಎಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ. ಡಾಕ್ಟರು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮೆಲ್ಲಗೆ ಬೆರಳಿನಿಂದ ತಟ್ಟಿದರು. ನನಗೆ ಕಂಡದ್ದು ನೀರು ಮತ್ತು ಕಲ್ಲು.

"ಗೌಡರು ಎಲ್ಲದಾರ್ರಿ?"

"ನಿಮ್ಮನ್ನ ನೋಡಾಕತ್ತಾನ."

ನಾನು ಬಗ್ಗಿ ನೋಡಿದೆ. ನೋಡುತ್ತಿದ್ದಂತೆ ಒಂದು ಕಲ್ಲಿಗೆ ಕಣ್ಣು ಬಂತು. ಆಮೇಲೆ ಬಾಯಿ ಬಂತು, ಬಿಗುಮಾನದಿಂದ ಕೆಳಗೆ ಬಾಗಿದ ದೊಡ್ಡ ಬಾಯಿ. ಮೈಮೇಲೆಲ್ಲ ಹಾವಸೆ ಹತ್ತಿದ ಹಾಗೆ ಚಿಂದಿ ಚಿಂದಿ. ಬೆನ್ನ ಮೇಲೆ ಮುಳ್ಳಿನ ಸಾಲು. ನಾನು ಹಿಂದೆ ಸರಿದದ್ದು ನೋಡಿ ಡಾಕ್ಟರಿಗೆ ಬಹಳ ಸಂತೋಷವಾಯಿತು. ಬಂದವರು ಬೆಚ್ಚಿಬೀಳದಿದ್ದರೆ ಅವರಿಗೆ ಅವಮಾನವಾದಂತಾಗುತ್ತಿತ್ತು.

ಮೀನಿನ ಕುಲದ ಹೆಸರು ಚೇಳುಮೀನು. ಬೆನ್ನಿನ ಮುಳ್ಳುಗಳಲ್ಲಿ ವಿಷ. "ಇದರ ಅಣ್ಣ ಒಬ್ಬಂವ ಇದಾನ, ಕಲ್ಲುಮೀನ ಅಂತ. ಅವನ ಮುಳ್ಳು ಚುಚ್ಚಿದರ ಜೀವ ಹೋದರೂ ಹೋಗತದ," ಎಂದು ಡಾಕ್ಟರು ವಿವರಿಸಿದರು. "ಇದು ಚುಚ್ಚಿದರ ಜೀವ ಹೋಗೂದಿಲ್ಲ. ಹೋಗಿದ್ದರ ಚಲೋ ಇತ್ತು ಅನಸ್ತದ, ಅಷ್ಟ."

ಗೌಡ ಎಂಬ ಹೆಸರು ಇಟ್ಟವರು ಡಾಕ್ಟರರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಕೆಂಪಗೆ, ದಪ್ಪಗೆ, ಮಾತಿನಲ್ಲಿ ಯಾರಿಗೂ ಸಾಲ ಉಳಿಸಿಕೊಳ್ಳದ ಹೆಂಗಸು. "ಕೂತಲ್ಲೇ ಕೂಡತಾನ, ಕೆಲಸಾ ಮಾಡೂದಿಲ್ಲ, ಬಾಯಿ ಮುಂದ ಬಂದದ್ದು ನುಂಗತಾನ. ಗೌಡ ಅನ್ನದ ಮತ್ತೇನನ್ಲಿ?" ಎಂದು ಅವರು ಅಡುಗೆಮನೆಯಿಂದಲೇ ಹೇಳಿದರು. ಆ ಮನೆಯಲ್ಲಿ ಈರುಳ್ಳಿ ಹೆಚ್ಚುವ ಈಳಿಗೆಯನ್ನು ಕೂಡ ತೊಳೆದು ವಿಭೂತಿ ಹಚ್ಚಿಡುವಷ್ಟು ಮಡಿ. ತತ್ತಿಯ ಹೆಸರು ಕೂಡ ಒಳಗೆ ಎತ್ತುವಂತಿರಲಿಲ್ಲ. ಅಂಥ ಮನೆಗೆ ಜೀವಂತ ಮೀನು ನುಂಗುವ ಒಬ್ಬ ಗೌಡ ಬಂದು ಸೇರಿದ್ದ.

ಬಂದ ಕಥೆಯನ್ನು ಡಾಕ್ಟರು ಪ್ರತಿ ಸಲ ಬೇರೆ ಬೇರೆ ಥರ ಹೇಳುತ್ತಿದ್ದರು. ಕಡಿಮೆ ಸುಳ್ಳಿರುವುದನ್ನು ಬರೆಯುತ್ತೇನೆ. ಇಲಾಖೆಯ ತರಬೇತಿಗೆಂದು ಕಾರವಾರಕ್ಕೆ ಹೋಗಿದ್ದರು. ಬೆಳಿಗ್ಗೆ ದಂಡೆಯಲ್ಲಿ ತಿರುಗಾಡುವಾಗ ಮೀನುಗಾರರು ಬಲೆ ಝಾಡಿಸಿ, ಬೇಡವಾದದ್ದನ್ನು ಮರಳಿನ ಮೇಲೆ ಎಸೆಯುತ್ತಿದ್ದರು. ಅದರಲ್ಲಿ ಒಂದು ಕಲ್ಲು ಉಸಿರಾಡುತ್ತಿತ್ತು. ಡಾಕ್ಟರು ಕೈ ಚಾಚಿದಾಗ ಮೀನುಗಾರನೊಬ್ಬ ಓಡಿಬಂದು ಅವರ ರಟ್ಟೆ ಹಿಡಿದೆಳೆದ. ತಮ್ಮನ್ನು ಚುಚ್ಚದೆ ಬಿಟ್ಟ ಪ್ರಾಣಿಯನ್ನು ತಾವು ಸಾಯಲು ಬಿಡುವುದು ಹೇಗೆ ಎಂಬುದು ಡಾಕ್ಟರರ ವಾದ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಮುದ್ರದ ನೀರು ತುಂಬಿ, ಅದರಲ್ಲಿ ಮೀನು ಬಿಟ್ಟು, ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಹೊಡೆದರು. ಕಂಡಕ್ಟರ್ ಡಬ್ಬಿಯೊಳಗೆ ಇಣುಕಿ, "ಕಲ್ಲಿಗೆ ಯಾಕ್ರಿ ಗಾಳಿ ಹೊಡ್ಯಾಕತ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಸೀಟಿಗೆ ಹೋದನಂತೆ. ತಲೆ ಕೆಟ್ಟವರ ಜೊತೆ ಹೆಚ್ಚು ಮಾತಾಡಬಾರದೆಂದು ಅವನಿಗೆ ಗೊತ್ತಿತ್ತು.

ಡಬ್ಬಿ ಮನೆಗೆ ಬಂದ ದಿನ ಅಕ್ಕ ಹೊಸ್ತಿಲಲ್ಲಿ ನಿಂತು ಒಂದೇ ಕರಾರು ಹಾಕಿದರು. ಅದನ್ನು ನನಗೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ, ಒಂದಕ್ಷರ ವ್ಯತ್ಯಾಸವಿಲ್ಲದೆ. "ಇಟಕೋರಿ. ಖರೆ ಈ ಮನ್ಯಾಗ ಯಾರಿಗಾರ ಒಬ್ಬರಿಗೆ ಅದು ಚುಚ್ಚಿತು ಅಂದ್ರ, ಅವತ್ತ ಅದು ಮನಿ ಬಿಡಬೇಕು. ಭೀಮಾ ನದಿಗೆ ಒಗದು ಬರಬೇಕು." ಸಿಹಿನೀರಿಗೆ ಹಾಕಿದರೆ ಸಮುದ್ರದ ಮೀನು ಸಾಯುತ್ತದೆ ಎಂದು ಡಾಕ್ಟರು ಹೇಳಿ ನೋಡಿದರು. "ಹಂಗಾದ್ರ ಚುಚ್ಚದಂಗ ನೋಡಕೋರಿ," ಎಂದು ಅಕ್ಕ ಒಳಗೆ ಹೋದರು. ಅಕ್ಕ ಆಡಿದ ಮಾತನ್ನು ಹಿಂದೆ ತೆಗೆದುಕೊಂಡ ಇತಿಹಾಸ ಆ ಮನೆಗೆ ಇರಲಿಲ್ಲ. ಹೀಗೆ ಗೌಡನ ಜೀವ ಅವನದೇ ಬೆನ್ನಿನ ಮುಳ್ಳಿನ ಮೇಲೆ ನಿಂತಿತ್ತು.

ಆದ್ದರಿಂದ ಡಾಕ್ಟರು ತೊಟ್ಟಿಗೆ ಬೇರೆ ಯಾರನ್ನೂ ಕೈ ಹಾಕಲು ಬಿಡುತ್ತಿರಲಿಲ್ಲ. ತಾವು ಹಾಕುವಾಗ ಎಮ್ಮೆ ಗಬ್ಬವಾಗಿದೆಯೋ ಎಂದು ನೋಡಲು ಹಾಕಿಕೊಳ್ಳುವ ಭುಜದವರೆಗಿನ ಗ್ಲೌಸ್ ತೊಡುತ್ತಿದ್ದರು. "ಇವನ ಮುಳ್ಳಿಗೆ ಈ ಗ್ಲೌಸು ಯಾವ ಲೆಕ್ಕ? ನನ್ನ ಧೈರ್ಯಕ್ಕ ಇರಲಿ ಅಂತ," ಎನ್ನುತ್ತಿದ್ದರು. ಮನೆಗೆ ಬಂದವರಿಗೆಲ್ಲ ಒಂದು ಪಾಠ ತಪ್ಪುತ್ತಿರಲಿಲ್ಲ. ಚುಚ್ಚಿದರೆ ಮಂತ್ರ ಬೇಡ, ತಂತ್ರ ಬೇಡ, ಬಿಸಿನೀರು. ಕೈ ತಾಳುವಷ್ಟು ಬಿಸಿ, ಸುಡುವಷ್ಟಲ್ಲ. ಬಿಸಿಯನ್ನು ಚುಚ್ಚದ ಕೈಯಿಂದ ನೋಡಬೇಕು, ಚುಚ್ಚಿದ ಕೈಗೆ ಅದು ತಿಳಿಯುವುದಿಲ್ಲ. "ಬಿಸಿಗೆ ಆ ವಿಷ ಬೆಂದು ಹೋಗತದ. ಬೆಂದ ಅನ್ನ ಮತ್ತ ಅಕ್ಕಿ ಆಗತದೇನು? ಹಂಗ." ಆಮೇಲೆ ಆಸ್ಪತ್ರೆಗೆ ಹೋಗಬೇಕು ಎಂದೂ ಸೇರಿಸುತ್ತಿದ್ದರು, ಮನುಷ್ಯರ ಆಸ್ಪತ್ರೆಗೆ.

ಸಮುದ್ರದ ನೀರು ಎಲ್ಲಿಂದ? ನಮ್ಮ ಕಡೆಯ ತೊಗರಿಬೇಳೆ ಲಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಖಾಸಿಂ ಎಂಬ ಲಾರಿ ಡ್ರೈವರ್ ಬೇಳೆ ಇಳಿಸಿ ಬರುವಾಗ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ನೀರು ತುಂಬಿ ತರುತ್ತಿದ್ದ. ಅವನ ಮನೆಯ ಆಡುಗಳು ಡಾಕ್ಟರರ ರೋಗಿಗಳು, ಆ ಋಣ. ಮೊದಲ ಸಲ ಹಡಗು ನಿಲ್ಲುವಲ್ಲಿ ತುಂಬಿ, ಎಣ್ಣೆ ತೇಲುವ ನೀರು ತಂದು ಬೈಸಿಕೊಂಡ. ಮುಂದಿನ ಸಲ ಮೈಲುಗಟ್ಟಲೆ ಆಚೆ, ಬೆಸ್ತರ ಹಳ್ಳಿಯೊಂದರ ಹತ್ತಿರ ಲಾರಿ ನಿಲ್ಲಿಸಿ ತಂದ. ಮಾಲೀಕ ತಡವಾದದ್ದಕ್ಕೆ ಕೇಳಿದರೆ "ಸಮಂದರ್ ಲೋಡ್ ಮಾಡಾಕತ್ತಿದ್ದೆ ಸಾಬ್" ಎಂದು ಖರೆ ಹೇಳಿದನಂತೆ. ಮಾಲೀಕ ಇವನು ಕುಡಿದಿದ್ದಾನೆ ಎಂದುಕೊಂಡ.

ನೀರಿನ ಉಪ್ಪನ್ನು ಡಾಕ್ಟರು ಅಳೆಯುತ್ತಿದ್ದದ್ದು ಹಾಲು ಅಳೆಯುವ ಲ್ಯಾಕ್ಟೋಮೀಟರಿನಿಂದ. ನಾನು ಲೆಕ್ಕದವಳು, ನಂಬಲಿಲ್ಲ. ನನ್ನೆದುರಿಗೇ ಎರಡು ಲೋಟ ಇಟ್ಟು ತೋರಿಸಿದರು. ಒಳ್ಳೆಯ ಹಾಲಿನಲ್ಲಿ ಗಾಜಿನ ಕಡ್ಡಿ ಒಂದು ಗೆರೆಗೆ ನಿಂತಿತು. ಸಮುದ್ರದ ನೀರಿನಲ್ಲಿ ತುಸುವೇ ಕೆಳಗೆ ಮುಳುಗಿತು. "ಅಂದ್ರ ಏನಾತು? ಸಮುದ್ರ ಅಂದ್ರ ಒಂದೀಟು ನೀರು ಬೆರಸಿದ ಹಾಲು. ನಮ್ಮ ಗೌಳಿ ಹಾಕತಾನಲ್ಲ, ಬರೋಬ್ಬರಿ ಅದ." ಆ ದಿನದಿಂದ ಗೌಳಿ ಬಂದಾಗ ಅಕ್ಕ, "ಏ ತಮ್ಮಾ, ಇವತ್ತ ಹಾಲು ತಂದೀಯೋ ಸಮುದ್ರ ತಂದೀಯೋ?" ಎಂದು ಕೇಳತೊಡಗಿದರು. ಪಾಪ, ಅವನಿಗೆ ಕಡೆಯತನಕ ಅರ್ಥವಾಗಲಿಲ್ಲ.

ತೊಟ್ಟಿಯ ನೀರು ಆಗಾಗ ಒಂದಿಷ್ಟು ತೆಗೆದು ಹೊಸದು ಹಾಕಬೇಕು. ತೆಗೆದ ನೀರನ್ನು ಚೆಲ್ಲಲು ಓಣಿಯ ಮುದುಕಿಯರು ಬಿಡಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಚರಗಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಸಮುದ್ರಸ್ನಾನದ ಪುಣ್ಯ ಬೇವಿನ ಮರದ ಕೆಳಗೆ ಸಿಗುವಾಗ ಗೋಕರ್ಣದವರೆಗೆ ಯಾರು ಹೋಗುತ್ತಾರೆ? "ಅದ್ರಾಗ ಮೀನ ಉಚ್ಚಿ ಹೊಯ್ದಿರತದ ಬೇ, ತಲಿಗೆ ಹಾಕೋಬ್ಯಾಡ್ರಿ," ಎಂದು ಡಾಕ್ಟರು ಕೂಗಿದರೆ, ಒಬ್ಬ ಮುದುಕಿ, "ದೊಡ್ಡ ಸಮುದ್ರದಾಗಿನ ಮೀನಗೋಳು ಎಲ್ಲಿ ಹೋಗತಾವಪ್ಪಾ ಮತ್ತ?" ಎಂದಳು. ಡಾಕ್ಟರು ಸೋತು ಚೊಂಬಿನಿಂದ ಹಂಚತೊಡಗಿದರು.

ಊಟದ ಮಾತು ಮಾತ್ರ ದೊಡ್ಡ ತಕರಾರು. ಗೌಡನಿಗೆ ಜೀವವಿದ್ದದ್ದೇ ಬೇಕು, ಸತ್ತದ್ದನ್ನು ಕಣ್ಣೆತ್ತಿ ನೋಡುವುದಿಲ್ಲ. ಅಫಜಲಪುರದ ಕಡೆ ಹೋದಾಗ ಡಾಕ್ಟರು ಮಣ್ಣೂರಿನಲ್ಲಿ ಭೀಮಾ ದಂಡೆಯಿಂದ ಸಣ್ಣ ಮೀನು ತರುತ್ತಿದ್ದರು. ಅವನ್ನು ಮನೆಯೊಳಗೆ ತರುವಂತಿಲ್ಲ, ಹಿತ್ತಲಿನಲ್ಲಿ ದನ ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಇಡಬೇಕು. ಸೋಮವಾರ ಗೌಡನಿಗೆ ಊಟವಿಲ್ಲ. ಅಮಾವಾಸ್ಯೆ, ಶಿವರಾತ್ರಿ ಇಲ್ಲ. ಶ್ರಾವಣ ಇಡೀ ತಿಂಗಳು ಇಲ್ಲ ಎಂದಾಗ ಡಾಕ್ಟರು ವಕೀಲರಂತೆ ವಾದ ಮಾಡಿ ವಾರಕ್ಕೆ ಒಂದು ಸಲಕ್ಕೆ ಇಳಿಸಿದರು. "ನಮ್ಮ ಮನ್ಯಾಗ ಇರೋರು ನಮ್ಮ ಹಂಗ ಇರಬೇಕು," ಎಂಬುದು ಅಕ್ಕನ ಕಾಯಿದೆ. ಮಜವೆಂದರೆ ಇಂಥ ಮೀನುಗಳು ಮನೆಗಳಲ್ಲಿ ಸಾಯುವುದು ಹೆಚ್ಚಾಗಿ ಅತಿಯಾಗಿ ತಿಂದು ಎಂದು ಡಾಕ್ಟರು ಎಲ್ಲೋ ಓದಿದರು. ಓದಿದ್ದನ್ನು ಅಕ್ಕನಿಗೆ ಹೇಳಬೇಡಿರೆಂದು ನನಗೆ ಹೇಳಿದರು. ಹೇಳಿದರೆ ತಮಗೂ ಶ್ರಾವಣ ಬಿಗಿಯಾಗುತ್ತದೆ ಎಂಬ ಭಯ.

ಒಮ್ಮೆ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ರೈತನೊಬ್ಬ ಎತ್ತಿನ ಔಷಧಕ್ಕೆಂದು ಬಂದು, ಗೌಡನನ್ನು ಬಹಳ ಹೊತ್ತು ನೋಡಿ ಕೇಳಿದ. "ಸಾಹೇಬ್ರ, ನಮ್ಮ ಹೊಲದಾಗ ಕಲ್ಲೆತ್ತಿದಲ್ಲಿ ಚೇಳು ಅದಾವ. ನೀವು ಸಮುದ್ರದಿಂದ ಬ್ಯಾರೆ ಚೇಳು ತರೂದೇನಿತ್ರಿ?"

ಡಾಕ್ಟರು ನಕ್ಕರು. "ನಿಮ್ಮ ಚೇಳು ಹಾಸಗಿಗೆ ಬಂದು ಕಡೀತದ. ನನ್ನ ಗೌಡ ಯಾರ ಮ್ಯಾಲೂ ಹೋಗೂದಿಲ್ಲ. ಮುಟ್ಟಬ್ಯಾಡ್ರಿ ಅಂತ ಮುಳ್ಳು ಎತ್ತಿ ತೋರಸ್ತಾನ. ಆದ್ರೂ ಮುಟ್ಟಿದ್ರ, ಅದು ಮುಟ್ಟಿದೋರ ತಪ್ಪು."

ಎಲ್ಲದಕ್ಕೂ ಅವರಲ್ಲಿ ಇಂಥದೊಂದು ಮಾತಿರುತ್ತಿತ್ತು. ಎಮ್ಮೆಯ ಹತ್ತಿರ ಹೋಗುವಾಗ ಮುಂದೆ ನಿಂತು ಕೊಂಬು ಸವರಿ ಆಮೇಲೆ ಹಿಂದಕ್ಕೆ ಹೋಗುತ್ತಿದ್ದರು. ಗೌಡನ ಗಾಜನ್ನು ತಟ್ಟದೆ ಮುಚ್ಚಳ ತೆಗೆಯುತ್ತಿರಲಿಲ್ಲ. "ಎಮ್ಮಿ ಇರ್ಲಿ, ಮೀನ ಇರ್ಲಿ, ನಮ್ಮ ಆಫೀಸಿನ ಸಾಹೇಬ ಇರ್ಲಿ, ಹಿಂದಿನಿಂದ ಹೋಗಬಾರದು ಟೀಚರ್ರ. ಮುಂದ ನಿಂತು, ನಾ ಬಂದೇನಿ ಅನಬೇಕು." ಸಂಜೆ ಕೈಕಾಲು ತೊಳೆದು ಬಂದು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಊಟಕ್ಕೆ ಕರೆಯುವತನಕ ಏಳುತ್ತಿರಲಿಲ್ಲ. ಅದರಲ್ಲಿ ನೋಡುವಂಥದ್ದೇನಿದೆ, ಅದು ಅಲುಗಾಡುವುದೇ ಇಲ್ಲವಲ್ಲ ಎಂದು ನಾನೊಮ್ಮೆ ಕೇಳಿದೆ.

"ದಿನಾ ಒದರೋ ರೋಗಿಗಳನ್ನ ನೋಡಿ ಬರ್ತೇನಿ. ಮನಿಗೆ ಬಂದ ಮ್ಯಾಲ ಒದರದ ಒಬ್ಬರು ಬೇಕನಸ್ತದ್ರಿ."

"ನಾ ಒದರತೇನಿ ಅಂದಂಗಾತು," ಎಂದು ಒಳಗಿನಿಂದ ದನಿ ಬಂತು.

"ನೋಡಿದಿರಲ್ಲ," ಎಂದರು ಡಾಕ್ಟರು.

ಕರೆಂಟು ಹೋದರೆ ಆ ಮನೆಯ ದೃಶ್ಯ ನೋಡಬೇಕಿತ್ತು. ನೀರಿಗೆ ಗಾಳಿ ಊದುವ ಯಂತ್ರ ನಿಂತರೆ ಗೌಡನಿಗೆ ಉಸಿರು ಕಟ್ಟುತ್ತದೆ. ಡಾಕ್ಟರು ಅದಕ್ಕೂ ದಾರಿ ಹುಡುಕಿದ್ದರು. ಖಾಸಿಂ ಕೊಟ್ಟ ಲಾರಿಯ ಹಳೆಯ ಟ್ಯೂಬಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿ ಮೂಲೆಯಲ್ಲಿ ಇಡುತ್ತಿದ್ದರು. ಅದರ ಬಾಯಿಗೆ ದನಗಳಿಗೆ ಸಲೈನ್ ಹಚ್ಚುವ ನಳಿಗೆ. ಕರೆಂಟು ಹೋದ ಕೂಡಲೇ ನಳಿಗೆಯ ತಿರುಪು ಸಡಿಲಿಸಿದರೆ ಗುಳುಗುಳು ಗಾಳಿ. ಡಾಕ್ಟರು ಊರಲ್ಲಿಲ್ಲದಾಗ ಅಕ್ಕ, "ಹಾಳಾದ ಗೌಡ, ಸಾಯಬಾರದೇನು," ಎಂದು ಬೈಯುತ್ತ ಓಡಿ ಹೋಗಿ ತಿರುಪು ಸಡಿಲಿಸುತ್ತಿದ್ದರು. ಬೈಗುಳ ಒಂದು ದಿನವೂ ತಪ್ಪಲಿಲ್ಲ, ಓಡುವುದು ಕೂಡ.

ಒಂದು ಬೇಸಿಗೆಯ ಶನಿವಾರ. ಮುಂಜಾನೆಯ ಶಾಲೆ ಮುಗಿಸಿ ನಾನು ಮನೆಗೆ ಬಂದು ಊಟ ಮಾಡಿ ಅಡ್ಡಾಗಿದ್ದೆ. ಡಾಕ್ಟರು ದನಗಳಿಗೆ ಲಸಿಕೆ ಹಾಕಲು ಮಣ್ಣೂರಿಗೆ ಹೋಗಿದ್ದರು. ಪಡಸಾಲೆಯ ಕಡೆ ಟಪ್ ಎಂದು ಸದ್ದಾಯಿತು. ಹಿಂದೆಯೇ ಅಕ್ಕನ ಕೂಗು.

"ಟೀಚರ್ರ, ಲಗೂ ಬರ್ರಿ. ಸಮುದ್ರ ಒಡೀತು."

ತೊಟ್ಟಿಯ ಕಬ್ಬಿಣದ ಚೌಕಟ್ಟಿಗೆ ಉಪ್ಪುನೀರಿನಿಂದ ತುಕ್ಕು ಹಿಡಿದಿತ್ತು. ಹೊಸದು ಮಾಡಿಸಬೇಕು ಎಂದು ಡಾಕ್ಟರು ದೀಪಾವಳಿಯಿಂದ ಹೇಳುತ್ತಲೇ ಇದ್ದರು. ಒಂದು ಮೂಲೆ ಕುಸಿದು ಮುಂದಿನ ಗಾಜು ಸೀಳಿತ್ತು. ನೀರು ಪಡಸಾಲೆ ದಾಟಿ ಹೊಸ್ತಿಲಿಗೆ ಬಂದಿತ್ತು. ತಳದಲ್ಲಿ ಎರಡು ಬೆರಳು ನೀರು ಉಳಿದಿತ್ತು, ಅದರಲ್ಲಿ ಗೌಡ, ಬೆನ್ನು ಗಾಳಿಗೆ, ಮುಳ್ಳೆಲ್ಲ ನೆಟ್ಟಗೆ.

"ಪ್ಲಾಸ್ಟಿಕ್ ಬಕೀಟ ತರ್ರಿ. ತಾಂಬ್ರದ ಕೊಡ ಬ್ಯಾಡ, ಅದಕ್ಕ ಆಗೂದಿಲ್ಲ," ಎಂದರು ಅಕ್ಕ. ಗಂಡನ ಪಾಠಗಳನ್ನೆಲ್ಲ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದರು ಎಂದು ನನಗೆ ಆಗ ತಿಳಿಯಿತು. ಬಕೀಟಿಗೆ ಉಳಿಕೆಯ ಕ್ಯಾನಿನಿಂದ ಸಮುದ್ರದ ನೀರು ಸುರಿದೆವು. ಮೀನು ಎತ್ತುವ ಬಲೆ ಹುಡುಕಿದರೆ ಸಿಗಲಿಲ್ಲ. ಡಾಕ್ಟರರ ಸಾಮಾನು ಡಾಕ್ಟರರಿಗೇ ಸಿಗುತ್ತಿರಲಿಲ್ಲ. ಅಕ್ಕ ಒಳಗೆ ಹೋಗಿ ಬುಂದಿ ಕರಿಯುವ ಝಾರಿ ತಂದರು.

"ಅಕ್ಕಾ, ಅದು ಅಡಗಿ ಮನಿ ಝಾರಿ..."

"ಸುಮ್ಮನ ಬಕೀಟ ಹಿಡೀರಿ."

ಝಾರಿಯನ್ನು ಮೆಲ್ಲಗೆ ಅವನ ಹೊಟ್ಟೆಯ ಕೆಳಗೆ ತೂರಿಸಿದರು. ಎತ್ತಿದರು. ಗೌಡ ಅಷ್ಟು ವರ್ಷ ಕೂತಲ್ಲೇ ಕೂತಿದ್ದವನು ಅವತ್ತು ಮೈ ಕೊಡವಿದ. ಝಾರಿಯ ಅಂಚಿನಿಂದ ಜಾರಿದ. ಕೆಳಗೆ ಗಾಜಿನ ಚೂರು, ಕಲ್ಲಿನ ನೆಲ. ಅಕ್ಕ ಇನ್ನೊಂದು ಕೈಯನ್ನು ಕೆಳಗೊಡ್ಡಿ ಅವನನ್ನು ಹಿಡಿದರು. ಹಿಡಿದ ಮೇಲೆ ಬಿಡಲಿಲ್ಲ. ಬಕೀಟಿನವರೆಗೆ ಒಯ್ದು, ಕೈಯನ್ನು ನೀರಿನಲ್ಲಿ ಅದ್ದಿ, ಅವನು ತಾನಾಗಿ ಇಳಿದ ಮೇಲೆ ಕೈ ತೆಗೆದರು. ಆಮೇಲೆ "ಯವ್ವಾ" ಎಂದು ನೆಲದ ಮೇಲೆ ಕೂತರು.

ತೋರುಬೆರಳಿನಲ್ಲಿ ಎರಡು ಸಣ್ಣ ತೂತು. ನೋಡುತ್ತಿದ್ದಂತೆ ಬೆರಳು ಬದನೆಯ ಬಣ್ಣಕ್ಕೆ ತಿರುಗಿತು. ನಾನು ಸ್ಟೋವ್ ಹಚ್ಚಲು ಹೋದೆ. ಪಿನ್ನು ಹಾಕಿ, ಪಂಪು ಹೊಡೆದು, ನೀರು ಕಾಯುವತನಕ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು. ಅಷ್ಟು ನಿಧಾನಕ್ಕೆ ಕಾಯ್ದ ನೀರನ್ನು ನಾನು ಕಂಡಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು, ಆರಿದಂತೆ ಬದಲಿಸುತ್ತ ಹೋದ ಮೇಲೆ ನೋವು ಇಳಿಯಿತು. ಆಸ್ಪತ್ರೆಗೆ ಹೋಗೋಣ ಎಂದರೆ ಅಕ್ಕ ಒಪ್ಪಲಿಲ್ಲ.

"ದವಾಖಾನಿಗೆ ಹೋದ್ರ ಊರಿಗೆಲ್ಲಾ ಗೊತ್ತಾಗತದ. ಟೀಚರ್ರ, ನಿಮ್ಮ ಕಾಲು ಹಿಡೀತೇನಿ, ಇವರಿಗೆ ಹೇಳಬ್ಯಾಡ್ರಿ."

"ಯಾಕ್ರಿ ಅಕ್ಕಾ?"

"ಚುಚ್ಚಿದ ದಿನಾ ಮನಿ ಬಿಡಬೇಕು ಅಂತ ನಾನ ಹೇಳೇನಿ. ಆಡಿದ ಮಾತು ತಿರಗಿ ನುಂಗಾಕ ನನಗ ಬರೂದಿಲ್ಲ." ಬಕೀಟಿನ ಕಡೆ ನೋಡಿದರು. ಗೌಡ ತಳದಲ್ಲಿ ಏನೂ ಆಗದವನಂತೆ ಕೂತಿದ್ದ. "ಅವನದೇನು ತಪ್ಪದ? ಹಿಡದಾಕಿ ನಾನು."

ಬೆರಳಿಗೆ ಅರಿಶಿಣ ಮೆತ್ತಿ ಬಟ್ಟೆ ಸುತ್ತಿಕೊಂಡರು. ರೊಟ್ಟಿ ಬೇಯಿಸುವಾಗ ಹಂಚು ತಾಗಿತು ಎಂದು ಹೇಳುವುದಾಗಿ ನಿಶ್ಚಯವಾಯಿತು. ಝಾರಿಯನ್ನು ಹಿತ್ತಲಿನ ಗೋಡೆಗೆ ತೂಗುಹಾಕಿದರು, ಇನ್ನು ಮೇಲೆ ಅದು ಗೌಡನದೇ ಎಂದು.

ಸಂಜೆ ಡಾಕ್ಟರು ಬಂದರು. ಒಡೆದ ತೊಟ್ಟಿ ನೋಡಿದರು, ಬಕೀಟಿನ ಮುಂದೆ ಕೂತು ಮೀನನ್ನು ನೋಡಿದರು. ಆಮೇಲೆ ಅಕ್ಕನ ಕೈ ನೋಡಿದರು.

"ಅದೇನಾತು ಬೆರಳಿಗೆ?"

"ಹಂಚು ತಾಗಿತ್ರಿ."

"ಭಾಳ ಸುಡತಿತ್ತೇನು ಹಂಚು?"

"ಭಾಳ."

ಮೀನು ಬಕೀಟಿಗೆ ಹೇಗೆ ಬಂತೆಂದು ಅವರು ಕೇಳಲಿಲ್ಲ. ಅದೇ ನನಗೆ ಆಶ್ಚರ್ಯ. ಸ್ವಲ್ಪ ಹೊತ್ತಿನ ಮೇಲೆ, ಬಟ್ಟೆ ಬಿಚ್ಚಿ ಮುಲಾಮು ಹಚ್ಚುವ ನೆಪದಲ್ಲಿ ಬೆರಳು ನೋಡಿ, ನಾಡಿ ನೋಡಿ, ನಾನು ಕೂತಿದ್ದ ಕಟ್ಟೆಗೆ ಬಂದರು.

"ಟೀಚರ್ರ, ನಿಮ್ಮ ಗಣಿತದಾಗ ಹಂಚು ತಾಗಿದ್ರ ಬೊಬ್ಬಿ ಏಳತದೋ, ತೂತು ಬೀಳತಾವೋ?"

ನಾನು ಬೇವಿನ ಮರ ನೋಡಿದೆ.

"ನಾ ದಿನಾ ಬಾಯಿಲ್ಲದೋರ ನೋವು ನೋಡಿ ಹೊಟ್ಟಿ ಹೊರೀತೇನಿ. ಬಾಯಿದ್ದಾಕಿ ನೋವು ನನಗ ತಿಳೀದೇನ್ರಿ?"

"ಹಂಗಾದ್ರ ಅಕ್ಕಗ ಕೇಳ್ರಿ," ಎಂದೆ.

"ಕೇಳಿದ್ರ ಖರೆ ಹೇಳಿಬಿಡತಾಳ. ಖರೆ ಹೇಳಿದ್ಲು ಅಂದ್ರ ತನ್ನ ಮಾತು ನಡಸತಾಳ." ಅವರ ಕಣ್ಣಿನಲ್ಲಿ ನೀರಿತ್ತು, ಮುಚ್ಚಿಕೊಳ್ಳಲೂ ಇಲ್ಲ. "ಈ ಗೌಡನ್ನ ಉಳಸಾಕ ಆಕಿ ಇಷ್ಟು ನೋವು ನುಂಗ್ಯಾಳ. ಅದನ್ನ ನಾ ಕಕ್ಕಸಲೇನು? ನನಗ ಗೊತ್ತದ ಅಂತ ಆಕಿಗೆ ತಿಳೀಬಾರದ್ರಿ ಟೀಚರ್ರ. ನಿಮ್ಮ ಮ್ಯಾಲ ಭಾರ."

ಹೀಗೆ ಒಂದೇ ದಿನ ಒಂದೇ ಮನೆಯ ಎರಡು ಗುಟ್ಟು ನನ್ನ ಹೊಟ್ಟೆಗೆ ಬಿದ್ದವು. ಎರಡೂ ಒಂದೇ ಗುಟ್ಟು, ಮತ್ತು ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಬಾರದು. ಇಂಥ ಲೆಕ್ಕ ನಾನು ಯಾವ ಕ್ಲಾಸಿನಲ್ಲೂ ಬಿಡಿ‌ಸಿರಲಿಲ್ಲ.

ಮರುದಿನ ಡಾಕ್ಟರು ಪೇಟೆಯಿಂದ ಒಂದು ಥರ್ಮಾಸ್ ತಂದರು, ಹಸಿರು ಬಣ್ಣದ್ದು. ಬೆಳಿಗ್ಗೆ ಕುದಿಯುವ ನೀರು ತುಂಬಿ ತೊಟ್ಟಿಯ ಜಾಗದ ಪಕ್ಕದ ಗೋಡೆಯ ಗೂಡಿನಲ್ಲಿ ಇಡಬೇಕು ಎಂದರು. ಯಾಕೆ ಎಂದರೆ, "ಹಳ್ಳಿ ಧೂಳು ಕುಡದು ಕುಡದು ನನ್ನ ಗಂಟಲ ಕೆಟ್ಟದ. ಆಗಾಗ ಮುಕ್ಕಳಸಬೇಕು." ಅಕ್ಕ ಗೊಣಗುತ್ತಲೇ ತುಂಬಿಟ್ಟರು. ಡಾಕ್ಟರು ಅದರಿಂದ ಮುಕ್ಕಳಿಸಿದ್ದನ್ನು ನಾನಂತೂ ನೋಡಲಿಲ್ಲ. ಸೊಲ್ಲಾಪುರದಿಂದ ಕಬ್ಬಿಣವಿಲ್ಲದ ಹೊಸ ತೊಟ್ಟಿ ಬಂತು. ಕರೆಂಟು ಹೋದರೆ ಅಕ್ಕ ಮೊದಲಿನಂತೆ ಬೈಯುತ್ತ ಓಡುತ್ತಿದ್ದರು. ಥರ್ಮಾಸ್ ಗೂಡಿನಲ್ಲಿ ಬಿಸಿಯಾಗಿ ಕೂತಿರುತ್ತಿತ್ತು.

ನನಗೆ ಜೇವರ್ಗಿಗೆ ವರ್ಗವಾದ ಮೇಲೂ ಗೌಡ ಕೆಲವು ವರ್ಷ ಬದುಕಿದ. ವಯಸ್ಸಾಗಿ ಸತ್ತ, ಕೂತಲ್ಲೇ. ಸತ್ತಿದ್ದಾನೆ ಎಂದು ತಿಳಿಯಲು ಡಾಕ್ಟರಿಗೇ ಒಂದು ದಿನ ಹಿಡಿಯಿತಂತೆ. ಬೇವಿನ ಮರದ ಬುಡದಲ್ಲಿ ಹೂಳುವಾಗ ಅಕ್ಕ ಒಂದು ಹಿಡಿ ಉಪ್ಪು ತಂದು ಕುಣಿಗೆ ಹಾಕಿದರಂತೆ, ಉಪ್ಪಿನಾಗ ಹುಟ್ಟಿದಂವ ಎಂದು. ಇದನ್ನು ಹೇಳುವಾಗ ಡಾಕ್ಟರು ನಕ್ಕರು.

ಸುದ್ದಿ ಕೇಳಿ ಹೋದಾಗ ಅಕ್ಕ ಪಡಸಾಲೆಯಲ್ಲಿ ಕೂತಿದ್ದರು. ನನಗೆ ವರ್ಗವಾದ ಮೇಲೆ ಹುಟ್ಟಿ, ಈಗ ಅದೇ ಓಣಿಯಲ್ಲಿರುವ ಮಗಳು ಬಂದವರನ್ನು ವಿಚಾರಿಸಿ ಒಳಗೆ ಹೊರಗೆ ಓಡಾಡುತ್ತಿದ್ದಳು. ತೊಟ್ಟಿ ಇದ್ದ ಜಾಗದಲ್ಲಿ ಈಗ ಹೊಲಿಗೆ ಯಂತ್ರ. ಪಕ್ಕದ ಗೂಡಿನಲ್ಲಿ ಹಸಿರು ಥರ್ಮಾಸ್ ಹಾಗೇ ಇತ್ತು, ಬಣ್ಣ ಅಲ್ಲಲ್ಲಿ ಎದ್ದಿತ್ತು.

"ಇನ್ನೂ ತುಂಬತೇನ್ರಿ ಟೀಚರ್ರ. ಮುಂಜಾನೆದ್ದು ಕೈ ತಾನ ಹೋಗತದ. ಗೌಡ ಸತ್ತ ಮ್ಯಾಲೂ ಬಿಡಲಿಲ್ಲ ಇವರು, ಗಂಟಲಿಗೆ ಬೇಕು ಗಂಟಲಿಗೆ ಬೇಕು ಅಂತಿದ್ರು." ಬೆರಳನ್ನು ಉಜ್ಜಿಕೊಂಡರು. "ಥಂಡಿಗೆ ಇದು ಇನ್ನೂ ಜುಂ ಅಂತದ. ಎಲ್ಲಾ ಹೇಳೇನಿ ಅವರಿಗೆ, ಜನ್ಮದಾಗ ಮುಚ್ಚಿಟ್ಟದ್ದು ಇದೊಂದ. ಸುಳ್ಳ ಹೇಳಿದೆ ಅಂತ ಎದಿ ಚುಚ್ಚತದ. ಕಡೀಕಾದ್ರೂ ಹೇಳಬೇಕಿತ್ತು."

ಹೊತ್ತು ತಿರುಗಿದ ಭಾರವನ್ನು ಇಳಿಸುವ ಹೊತ್ತು ಅದೇ ಎನಿಸಿತು. "ಅವರಿಗೆ ಗೊತ್ತಿತ್ರಿ ಅಕ್ಕಾ," ಎಂದೆ.

"ಏನು?"

"ಮುಳ್ಳು ಚುಚ್ಚಿದ್ದು. ಅವತ್ತ ಸಂಜಿಗೇ ಗೊತ್ತಾಗಿತ್ತು. ನಿಮಗ ಹೇಳಬ್ಯಾಡ್ರಿ ಅಂದಿದ್ರು. ನೀವು ಮಾತಿನಂಗ ನಡೀತೀರಿ, ಗೌಡ ಹೋಗತಾನ ಅಂತ."

ಅಕ್ಕ ನನ್ನನ್ನೇ ನೋಡಿದರು. ಆಮೇಲೆ ನಿಧಾನಕ್ಕೆ ಗೂಡಿನ ಕಡೆ ತಿರುಗಿದರು. ಥರ್ಮಾಸ್ ಬಂದದ್ದು ಯಾವಾಗ ಎಂದು ಅವರು ಲೆಕ್ಕ ಹಾಕುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಸೆರಗು ಬಾಯಿಗೆ ಹೋಯಿತು. ಅಳುತ್ತಾರೆಂದು ನಾನು ಹತ್ತಿರ ಸರಿದೆ. ಅವರು ನಗುತ್ತಿದ್ದರು, ಮೈಯೆಲ್ಲ ಕುಲುಕುವಂತೆ, ಕಣ್ಣೀರು ಇಳಿಯುವಂತೆ. ಒಳಗಿನಿಂದ ಮಗಳು ಗಾಬರಿಯಾಗಿ ಬಂದು ಬಾಗಿಲಲ್ಲಿ ನಿಂತಳು.

"ಗಂಟಲಂತ, ಗಂಟಲು," ಎಂದರು ಅಕ್ಕ. "ಆ ಮನಶ್ಯಾಗ ಹುಟ್ಟಿದಾಗಿಂದ ಒಂದ ದಿನ ಗಂಟಲ ಕೆಟ್ಟಿದ್ದಿಲ್ಲ ಟೀಚರ್ರ."